ಹದಿಮೂರು ಕ್ರೋನದ ತಟ್ಟೆ

ಜಟ್ಲೆಂಡಿನ ಪಡುವಣ ದಂಡೆಯಲ್ಲಿ ನಮ್ಮ ಗಾಜಿನಂಗಡಿ.
ಇಲ್ಲಿ ಗಾಳಿಯೇ ಊರಿಗೆ ಹಿರಿಯ:
ಹೇಳದೆ ಬರುತ್ತಾನೆ, ಕದ ತಾನೇ ತಳ್ಳುತ್ತಾನೆ,
ಹೋಗುವಾಗ ಯಾರದೋ ಒಂದು ಕಿಟಕಿ ಮುಗಿಸಿ ಹೋಗುತ್ತಾನೆ.
ಅವನನ್ನು ಬೈಯುವಾಗ ನಾವು ದನಿ ತಗ್ಗಿಸುತ್ತೇವೆ.
ನಮ್ಮ ರೊಟ್ಟಿಗೆ ಬೆಣ್ಣೆ ಅವನದು.

ಸಾಂಕ್ಟ್ ಹಾನ್ಸ್ ಸಂಜೆ, ಮರಳಲ್ಲಿ ಬೆಂಕಿ ಹಚ್ಚುವ ದಿನ,
ಮಕ್ಕಳಿಗೆ ಹಾರುವಂಥದ್ದೇನಾದರೂ ಹಂಚೋಣ ಎಂದ ಟೋರ್ಕಿಲ್.
ಮೇಲೆ ಅಂಗಡಿಯ ಹೆಸರು, ಎಂಟಂಕಿಯ ಫೋನ್ ನಂಬರ್.
ಮುನ್ನೂರು ನಗ. ನಾಲ್ಕು ಸಾವಿರ ಕ್ರೋನ.
ಲೆಕ್ಕ ಬರೆಯುವವಳು ನಾನು,
ಹಾಗಾಗಿ ಆರಿಸುವ ಪಾಪವೂ ನನ್ನ ಪಾಲಿಗೇ.

ಮಂಗಳವಾರ ಮಾದರಿಗಳ ಪೆಟ್ಟಿಗೆ ಬಂತು.
ಗಾಜು ಕೊಯ್ಯುವ ಮೇಜಿನ ಮೇಲೆ ಸುರುವಿದೆವು.

ಫೋಮಿನ ವಿಮಾನ, ರೆಕ್ಕೆ ಸಿಕ್ಕಿಸುವಾಗಲೇ
ಎಸ್ಬೆನ್‌ನ ಕೈಯಲ್ಲಿ ಎರಡಾಯಿತು.
(ಅವನು ಕೆಲಸ ಕಲಿಯುವ ಹುಡುಗ. ಗಾಜು ಒಡೆಯದವನು
ಅದೊಂದನ್ನು ಮುರಿದ.)

ಗಾಳಿಪಟ ಚೆಂದವೇ. ಬೆಲೆ ನೋಡಿ ಮಡಿಸಿಟ್ಟೆ.

ಬಲೂನು ಬೇಡ ಎಂದೆ, ಯಾರೂ ಕೇಳುವ ಮೊದಲೇ.
ಹೋದ ವರ್ಷ ಒಂದು ಬ್ಯಾಂಕಿನವರು ಬಿಟ್ಟಿದ್ದರು;
ಶರತ್ಕಾಲದಲ್ಲಿ ಅಲೆಯಂಚಿನಲ್ಲಿ ಸತ್ತ ಕಡಲಹಕ್ಕಿ,
ಕಾಲಿಗೆ ಸುತ್ತಿದ ಹರಕು ರಬ್ಬರು.
ಬ್ಯಾಂಕಿನ ಹೆಸರು ಒಂದಕ್ಷರ ಮಾಸಿರಲಿಲ್ಲ.

ಬೂಮರಾಂಗಿನ ಜೊತೆ ಒಂದು ಚೀಟಿ:
‘ನಿಮ್ಮ ಗಿರಾಕಿಯೂ ಹೀಗೇ ಮರಳಿ ಬರಲಿ!’
ಮೂವತ್ತು ವರ್ಷ ಚೌಕಟ್ಟಿಗೆ ಗಾಜು ಕೂರಿಸಿದ ಬೋದಿಲ್
ಕೈಯ ಲಪ್ಪದಿಂದ ತಲೆಯೆತ್ತದೆ ಹೇಳಿದಳು:
‘ನಮ್ಮ ಕಸುಬಲ್ಲಿ ಗಿರಾಕಿ ಮರಳಿ ಬಂದರೆ
ನಾನು ಸರಿಯಾಗಿ ಕೂರಿಸಿಲ್ಲ ಅಂತ.’

ಉಳಿದದ್ದು ಎರಡು ತಟ್ಟೆ.
ಒಂದು ಗಟ್ಟಿ ಪ್ಲಾಸ್ಟಿಕ್ಕು. ಅಗ್ಗ. ಅಚ್ಚು ಮುದ್ದಾಗಿ ಕೂರುತ್ತದೆ.
ಟೋರ್ಕಿಲ್ ಅದನ್ನು ಬೆರಳ ಮೇಲೆ ತಿರುಗಿಸುತ್ತ ಅಂದ:
‘ಎಸೆದದ್ದು ಯಾರ ಕಿಟಕಿಗಾದರೂ ಬಡಿದರೆ
ನಂಬರ್ ಹುಡುಕೋ ಕಷ್ಟವೂ ಇಲ್ಲ.’
ಹೊಟ್ಟೆ ಹಿಡಿದುಕೊಂಡು ನಕ್ಕೆವು.
ನಗು ಮುಗಿದ ಮೇಲೂ ಆ ಮಾತು
ಮೇಜಿನ ಮೇಲೆ ತುಸು ಹೊತ್ತು ಕೂತೇ ಇತ್ತು,
ಯಾರೂ ಅದನ್ನು ಎತ್ತಿಡಲಿಲ್ಲ.

ಇನ್ನೊಂದು ಬಟ್ಟೆಯದು. ಅಂಚಿಗೆ ಮೆತ್ತನೆಯ ಹೊಲಿಗೆ,
ಹಿಂಡಿದರೆ ಮುಷ್ಟಿಯೊಳಗೆ ಕರವಸ್ತ್ರ,
ಬಿಟ್ಟರೆ ಮತ್ತೆ ದುಂಡಗೆ.
ಮಧ್ಯಾಹ್ನ ಊಟ ಬಿಟ್ಟು ಮರಳ ದಿಬ್ಬ ಹತ್ತಿ ಎಸೆದೆ.
ಹಿರಿಯ ಅದನ್ನು ಮೂಸಿ ನೋಡಿ
ನನ್ನ ಮುಖಕ್ಕೇ ತಿರುಗಿ ಒಗೆದ.
ನೋವಾಗಲಿಲ್ಲ.
ಅಷ್ಟು ಸಾಕೆನಿಸಿತು. ಹದಿಮೂರು ಕ್ರೋನ ಒಂದಕ್ಕೆ.
ಉಳಿದ ನೂರಕ್ಕೆ ಬಿಸ್ಕತ್ತು ತಂದೆ.

ಗಾಳಿ ಬಂದಾಗ ತೂರಿಕೊಳ್ಳಬೇಕಂತೆ.
ಬಾರದೇ ಇದ್ದರೆ?
ಆ ಸಂಜೆ ಬರಲೇ ಇಲ್ಲ ಅವನು. ಹುಲ್ಲೂ ಅಲುಗಲಿಲ್ಲ.
ಬೆಂಕಿಯ ಹೊಗೆ ನೂಲು ಹಿಡಿದಂತೆ ನೆಟ್ಟಗೆ ಮೇಲೆ,
ಹತ್ತು ಗಂಟೆಗೂ ಆರದ ಬೆಳಕು,
ಅದರೊಳಗೆ ಮುನ್ನೂರು ನೀಲಿ ತಟ್ಟೆ
ಹೇಳಿದಲ್ಲಿಗೆ ಹೋಗಿ ಹೇಳಿದ ಕೈಗೇ ಸಿಕ್ಕವು.
ನಮ್ಮ ಹೆಸರನ್ನು ಯಾರೂ ಓದಲಿಲ್ಲ.
ತಿರುಗುವ ಅಕ್ಷರ ಬರೀ ಬಿಳಿ ಬಳೆ.
ಅರ್ಧಕ್ಕರ್ಧ ನಾಯಿಗಳ ಬಾಯಿಗೆ ಹೋದವು.
ಟೋರ್ಕಿಲ್ ಮನೆಗೆ ನಡೆಯುತ್ತ ಮಾತಾಡಲಿಲ್ಲ,
ನಾಲ್ಕು ಸಾವಿರ ಅಂತಲೂ ಅನ್ನಲಿಲ್ಲ.

ನವೆಂಬರಿನಲ್ಲಿ ಹಿರಿಯ ಬಂದ, ಬಾಕಿಯೆಲ್ಲ ಸೇರಿಸಿ.
ನಡುರಾತ್ರಿ ಫೋನು. ಹೆಂಗಸಿನ ದನಿ, ಹಿಂದೆ ಕಡಲಬ್ಬರ:
‘ಸರಿಯಾದ ನಂಬರಾ? ಇದು ಮೂರನೇ ಸಲ.
ಒಡೆದ ಗಾಜಿನ ತೂತಿಗೆ ನಿಮ್ಮ ತಟ್ಟೆಯನ್ನೇ ತುರುಕಿದ್ದೀನಿ,
ಆರಂಕಿ ಒಳಗಿದೆ,
ಎರಡು ಹೊರಗೆ ಮಳೆಯಲ್ಲಿದೆ. ಊಹೆ ಮಾಡಿ ಒತ್ತಿದೆ.’

ವಿಳಾಸ ಬರೆದುಕೊಂಡೆ.
ಮೊದಲೆರಡು ಸಲ ಯಾರ ನಿದ್ದೆ ಕೆಟ್ಟಿತೋ.

ಬೋದಿಲ್ ಏಣಿ ಹೊತ್ತು ಹೋಗಿ ಬೆಳಗಿನ ಜಾವ ಬಂದಳು.
‘ತಟ್ಟೆ?’ ಎಂದೆ.
‘ನೀರಿಳಿಯಲಿ ಅಂತ ಒಲೆಯ ಹತ್ತಿರ ನೇತು ಹಾಕಿದಾಳೆ.
ನಾಯಿ ಅದನ್ನೇ ನೋಡ್ತಾ ಕೂತಿದೆ.’